ವಿಭೂತಿ ಹಚ್ಚಿದ ಮುಖ

ಅಜ್ಜಂಪುರದ ಗುರುಶಾಂತಮ್ಮನಿಗೆ ಈಗ ಅರವತ್ತೆಂಟು. ತಮ್ಮ ಈರಭದ್ರ ಹೋದಾಗ ಅವಳಿಗೆ ಒಂಬತ್ತು, ಅವನಿಗೆ ಏಳು. ಮದುವೆಯಾಗದೆ ಸತ್ತವರು ಮನೆ ಬಿಟ್ಟು ಹೋಗುವುದುಂಟೆ? ವೀರಗಾರರಾಗಿ ದೇವರ ಜಗುಲಿಯಲ್ಲೇ ಕೂರುತ್ತಾರೆ. ಮನೆಯಲ್ಲಿ ಯಾರ ಮದುವೆಯಾದರೂ ಮೊದಲ ಮೆರವಣಿಗೆ ಅವರದು. ಅದಕ್ಕೇ ಅಪ್ಪ ಅಂಗೈಯಗಲದ ಬೆಳ್ಳಿಯಲ್ಲಿ ಅವನ ಮುಖ ಮಾಡಿಸಿಟ್ಟ. ಫೋಟೊ ಒಂದೂ ಇರಲಿಲ್ಲ, ಉಳಿದದ್ದು ಅದೊಂದೇ ಮುಖ. ಊರಲ್ಲೇ ಕೊಟ್ಟಿದ್ದರಿಂದ ಗುರುಶಾಂತಮ್ಮ ಪ್ರತಿ ಸೋಮವಾರ ತವರಿಗೆ ಬಂದು, ಹುಣಸೆಹುಳಿ, ಒಲೆಬೂದಿ ಹಾಕಿ ಅದನ್ನು ತಿಕ್ಕಿ ಫಳಫಳ ಮಾಡಿಡುವಳು.

ಈ ವರ್ಷ ಹಣೆಯ ಹತ್ತಿರ ಬೆಳ್ಳಿ ಸೀಳು ಬಿಟ್ಟಿತು. ಅಣ್ಣನ ಮೊಮ್ಮಗಳು ಅಶ್ವಿನಿಯ ಮದುವೆ ಬೇರೆ ಹತ್ತಿರವಾಯಿತು. ಕರಗಿಸಿ ಹೊಸದು ಎರಕ ಹೊಯ್ಯಬೇಕು. ಅದಕ್ಕೆ ಮೊದಲು ಮುಖದ ಅಳತೆ ಹಿಡಿಯಲು ಕಡೂರಿನಿಂದ ಬೆಳ್ಳಿ ಅಂಗಡಿಯ ಓಂಕಾರೇಶ್ ಸ್ಕ್ಯಾನರ್ ತಂದ. ಅವನು ಬರುತ್ತಾನೆಂದು ಗುರುಶಾಂತಮ್ಮ ಎರಡು ಸಲ ತಿಕ್ಕಿದ್ದಳು.

ಅದೇ ತಪ್ಪಾಯಿತು. ಯಂತ್ರದ ಬೆಳಕು ಮುಖದ ಮೇಲೆ ಹರಿದಾಡಿತು. ಪರದೆಯ ಮೇಲೆ ಕಿವಿ ಬಂತು, ಗದ್ದದ ಅಂಚು ಬಂತು. ನಡುವೆ ಕಪ್ಪು ಗುಳಿ. ಗುಳಿಯ ಆಳದಲ್ಲಿ ಒಂದಷ್ಟು ಚುಕ್ಕೆಗಳು ತೇಲುತ್ತಿದ್ದವು.

"ಯಾರಪ್ಪಾ ಅದು, ಒಳಗೆ?"

"ಯಾರೂ ಇಲ್ಲ ಕಣಮ್ಮಾ. ಬೆಳಕು ವಾಪಸ್ ಬಂದ್ರೆ ತಾನೆ ಅಳತೆ ಸಿಗೋದು? ನೀವು ಕನ್ನಡಿ ಮಾಡಿಟ್ಟಿದ್ದೀರಿ, ಜಾರ್ಕೊಂಡು ಎತ್ತೆತ್ಲಾಗೋ ಹೋಗ್ತೈತೆ. ತೆಳ್ಳಗೆ ವಿಭೂತಿ ಹಚ್ಬಿಡಿ, ಮಂಕಾದ್ರೆ ಸಾಕು."

"ಹಣೆಗಾ?"

"ಮುಖಕ್ಕೆಲ್ಲ."

ಅವಳ ಕೈ ಹಿಂದೆ ಸರಿಯಿತು. ಮುಖಕ್ಕೆಲ್ಲ ವಿಭೂತಿ ಬಳಿದದ್ದನ್ನು ಅವಳು ಮೊದಲು ಕಂಡದ್ದು ಗೋಡೆಗೊರಗಿಸಿ ಕೂರಿಸಿದ್ದ ತಮ್ಮನಿಗೆ, ಮಣ್ಣಿಗಿಡುವ ಮುಂಚೆ. ಕಣ್ಣುರೆಪ್ಪೆಯ ಮೇಲೂ ಬಿಳುಪು. ಆ ಮುಖ ಕನಸಿಗೆ ಬಂದ ಮಾರನೆಯ ದಿನ ಸೋಮವಾರವಲ್ಲದಿದ್ದರೂ ಬಂದು ಬೆಳ್ಳಿ ತಿಕ್ಕುತ್ತಿದ್ದಳು.

"ನೀನೇ ಹಚ್ಚಪ್ಪಾ."

"ನಿಮ್ಮನೆ ವೀರಗಾರನ್ನ ಹೊರಗಿನೋನು ಮುಟ್ಬಹುದಾ?"

ಮುಟ್ಟುವಂತಿರಲಿಲ್ಲ. ಗುರುಶಾಂತಮ್ಮ ಉಸಿರು ಬಿಗಿಹಿಡಿದು ತಾನೇ ಹಚ್ಚಿದಳು. ಹೊಳಪು ಆರಿತು. ಇಷ್ಟು ವರ್ಷ ಹೊಳಪಿನಲ್ಲಿ ಕಾಣದ್ದು ಈಗ ಎದ್ದು ಕಂಡಿತು: ಮೂಗು ಸವೆದು ಚಪ್ಪಟೆ, ತುಟಿಯ ಗೆರೆಯೇ ಇಲ್ಲ, ಬಲಗೆನ್ನೆಯಲ್ಲಿ ಅವಳ ಹೆಬ್ಬೆರಳಿನಷ್ಟೇ ಅಗಲದ ತಗ್ಗು.

ಈ ಸಲ ಪರದೆಯೂ ಕೂದಲೆಳೆಯಷ್ಟೂ ತಪ್ಪದೆ ಅದನ್ನೇ ತೋರಿಸಿತು.

"ಮೂಗು, ತುಟಿ ಅಂದಾಜಿನ ಮೇಲೆ ಕೂರಿಸ್ಲಾ ಅಮ್ಮಾ?"

"ಯಾರದೋ ಮೂಗು ಅವನಿಗ್ಯಾಕೆ? ಹೆಂಗೈತೋ ಹಂಗೇ ಮಾಡ್ಸು." ಅವಳು ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಹೊಸದು ಬಂದ್ಮೇಲೆ ಮನೇಲಿ ಬೇರೆ ಯಾರ ಕೈಗಾದ್ರೂ ಕೊಡು. ನನ್ನ ಕೈಗೆ ಮಾತ್ರ ಬ್ಯಾಡ."