ನೆಲ ಮುಟ್ಟದ ಬಾಳೆ

ಅಬ್ಬಿಗೆರೆಯ ಸೊಣ್ಣಮ್ಮ ಎರಡು ಬಾಳೆಗಿಡ ಸಾಕಿದ್ದು ಹಣ್ಣಿಗಲ್ಲ, ಮೈದುನನ ಮೇಲಿನ ಸಿಟ್ಟಿಗೆ. ಅದನ್ನು ಅವಳು ಯಾರಲ್ಲೂ ಮುಚ್ಚಿಟ್ಟವಳಲ್ಲ. ಬೆಳಿಗ್ಗೆ ಪಾತ್ರೆ ತೊಳೆದ ನೀರನ್ನು ಬುಡಕ್ಕೆ ಸುರಿಯುತ್ತ, "ಬೆಳೀರಿ ಮಕ್ಕಳಾ, ಅವನ ಎದೆ ಮ್ಯಾಲೆ ಬೆಳೀರಿ" ಎನ್ನುತ್ತಿದ್ದಳು.

ಗಂಡ ಮುನಿವೆಂಕಟಯ್ಯ ಐವತ್ನಾಲ್ಕನೇ ಇಸವಿಯಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಕೆರೆಯ ಕೆಳಗಿನ ಏಲಕ್ಕಿಬಾಳೆ ತೋಟ ಅವನ ಕೈಯಿಂದಲೇ ಎದ್ದದ್ದು. ತಿಥಿ ಮುಗಿದ ಮರುದಿನವೇ ಮೈದುನ ಅಶ್ವತ್ಥಪ್ಪ ಪಂಚಾಯಿತಿ ಸೇರಿಸಿದ. ಹಿರಿಯರಾದ ವೆಂಕಟರಾಮಯ್ಯ ಎಲೆ ಅಡಿಕೆ ಜಗಿಯುತ್ತ ತೀರ್ಪು ಹೇಳಿದರು: ನೆಲದಲ್ಲಿ ಬೇರು ಬಿಟ್ಟದ್ದೆಲ್ಲ ಅಶ್ವತ್ಥಪ್ಪನದು, ಸೊಣ್ಣಮ್ಮನಿಗೆ ಅಂಗಳದ ಮೂಲೆಯ ಕೋಣೆ, ಮತ್ತು ಎತ್ತಿಡಬಹುದಾದ ಸಾಮಾನು.

ಅವಳು ಗಂಡನ ತೋಟದಿಂದ ಒಂದು ಬಾಳೆಕಂದು ತಂದು ಕೋಣೆಯ ಬಾಗಿಲ ಪಕ್ಕ ನೆಟ್ಟಳು. ವರ್ಷ ತುಂಬಿದ ಮೇಲೆ ಗಿಡ ಗೊನೆ ಹಾಕಿತು. ಕೆಂಪು ಹೂ ಬಾಗಿ, ಮೊದಲ ಚಿಪ್ಪು ಕಾಯಿ ಬೆರಳು ಬಿಚ್ಚಿದ ವಾರ, ಅವಳು ನೀರಿಗೆ ಹೋಗಿದ್ದಾಗ ಅಶ್ವತ್ಥಪ್ಪ ಅದನ್ನು ಬುಡಸಮೇತ ಕಿತ್ತು ಅಂಗಳದಲ್ಲಿ ಮಲಗಿಸಿದ.

"ನೆಲ ನಂದು ಅತ್ತಿಗೆ. ಇರಿಯರ ಮಾತು ಮರ್ತೋಯ್ತಾ?"

ಬಿದ್ದ ಗಿಡದ ಬುಡದಲ್ಲಿ ಎರಡು ಮರಿಕಂದು ಇದ್ದವು. ಅವಳು ಅವನ್ನು ಕುಡುಗೋಲಿನಿಂದ ಬಿಡಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಳು. ಜಾಲಹಳ್ಳಿ ಕಡೆ ಡಾಂಬರು ರಸ್ತೆ ಹಾಕುತ್ತಿದ್ದ ಕಾಲ. ಗಾಡಿ ಹೊಡೆಯುವ ಲಾಲ್ ಸಾಬ್ ಎರಡು ಖಾಲಿ ಡಾಂಬರು ಪೀಪಾಯಿ ತಂದುಕೊಟ್ಟ. ಅವಳು ಒಳಗೆ ಹುಲ್ಲು ಉರಿಸಿ ಅಂಟಿದ್ದ ಡಾಂಬರನ್ನು ಸುಟ್ಟಳು, ತಳಕ್ಕೆ ತೂತು ಹೊಡೆಸಿದಳು, ಕೆರೆಯ ಗೋಡುಮಣ್ಣು, ಬೂದಿ, ಸಗಣಿ ಗೊಬ್ಬರ ತುಂಬಿದಳು. ಬಾಗಿಲಿನ ಎರಡು ಪಕ್ಕಕ್ಕೂ ಚಪ್ಪಡಿ ಹಾಸಿ ಪೀಪಾಯಿ ನಿಲ್ಲಿಸಿ, ಒಂದೊಂದರಲ್ಲಿ ಒಂದೊಂದು ಕಂದು ನೆಟ್ಟಳು.

ಪೀಪಾಯಿಯೂ ಎತ್ತಿಡಬಹುದಾದ ಸಾಮಾನೇ; ವೆಂಕಟರಾಮಯ್ಯನವರಿಗೆ ಒಪ್ಪದೆ ದಾರಿಯಿರಲಿಲ್ಲ. "ಬೇರು ನೆಲ ಮುಟ್ಟೋಗಂಟ ಸೊಣ್ಣಮ್ಮಂದೇ ಕಣಪ್ಪ."

ಅಂದಿನಿಂದ ಸೋಮವಾರ ಬಂದರೆ ಅಶ್ವತ್ಥಪ್ಪ ಹಾಜರು. ಸೋಮವಾರ ಬಸವನ ದಿನ, ಎತ್ತು ಹೂಡುವಂತಿಲ್ಲ, ಅವನಿಗೆ ಬಿಡುವು. ಹಳೆಯ ಕೊಡೆಯ ಕಡ್ಡಿ ಹಿಡಿದು, ಮಂಡಿಯೂರಿ, ಪೀಪಾಯಿಯ ಅಡಿಯಲ್ಲಿ ತಿವಿದು ಬೇರು ಹುಡುಕುತ್ತಿದ್ದ. ಅವಳು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು.

"ಸಿಕ್ತಾ ಅಶ್ವತ್ಥಪ್ಪ? ಇನ್ನೂ ಒಸಿ ಬಗ್ಗು. ದೇವ್ರಿಗೂ ಇಂಗೆ ಬಗ್ಗಿರಾಕಿಲ್ಲ ನೀನು."

ಎರಡನೆಯ ಯುಗಾದಿಗೆ ಎರಡೂ ಗೊನೆ ಹಾಕಿದವು. ಅದೇ ತಿಂಗಳ ಒಂದು ಸಂಜೆ ಅವಳ ಕಣ್ಣಿಗೆ ಬಿತ್ತು: ಬಲಗಡೆಯ ಪೀಪಾಯಿಯ ತೂತಿನಿಂದ ಒಂದು ಬಿಳಿ ಬೇರು ಇಳಿದು, ಚಪ್ಪಡಿಗಳ ನಡುವಿನ ಸಂದಿಯಲ್ಲಿ ಮಣ್ಣು ಸೇರಿತ್ತು. ಕುಡುಗೋಲು ಎತ್ತಿದಳು. ಮತ್ತೆ ಕೆಳಗಿಟ್ಟಳು. ಸಂದಿಯ ಮೇಲೆ ದಪ್ಪಗೆ ಸಗಣಿ ಮೆತ್ತಿದಳು. ಆ ಸೋಮವಾರವೂ ಮುಂದಿನ ಸೋಮವಾರವೂ ಕೊಡೆಯ ಕಡ್ಡಿಗೆ ಏನೂ ಸಿಗಲಿಲ್ಲ.

ಆ ಬೇಸಿಗೆಯಲ್ಲೇ ಅಶ್ವತ್ಥಪ್ಪನ ಮಗಳು ಲಕ್ಕಮ್ಮನ ಮದುವೆ ಗೊತ್ತಾಗಿತ್ತು. ನಾಲ್ಕು ದಿನವಿದೆ ಎನ್ನುವಾಗ ಬಿರುಗಾಳಿ ಎದ್ದು ತೋಟದ ಬಾಳೆಯೆಲ್ಲ ಮಲಗಿತು; ಗೋಡೆಯ ಮರೆಯಲ್ಲಿದ್ದ ಸೊಣ್ಣಮ್ಮನ ಎರಡು ಗಿಡ ಮಾತ್ರ ನಿಂತಿದ್ದವು. ಅಶ್ವತ್ಥಪ್ಪ ಕಡ್ಡಿಯಿಲ್ಲದೆ ಬಂದು ನಿಂತ.

"ಚಪ್ಪರಕ್ಕೆ ಎಲ್ಡು ಗೊನೆಬಾಳೆ ಬೇಕು ಅತ್ತಿಗೆ."

"ನೆಲದಾಗಿರೋದೆಲ್ಲ ನಿಂದೇ ಅಲ್ವೇನಪ್ಪ? ಕಡ್ಕೋ."

"ಬಾಗಲೂರಿನ ಬೀಗರ ತಾವ ನಮ್ಮ ಮನೆ ಬಾಳೆನೇ ನಿಲ್ಲಿಸ್ತೀನಿ ಅಂದ್ಬುಟ್ಟಿವ್ನಿ. ಮರ್ವಾದೆ ಓಯ್ತದೆ."

"ಕಡಿಯಂಗಿಲ್ಲ, ಕದಲಿಸಂಗಿಲ್ಲ. ಚಪ್ಪರದ ಬಾಗ್ಲನ್ನೇ ಇಲ್ಲಿಗೆ ತಿರುಗ್ಸು."

ಅವನು ಹಲ್ಲು ಕಚ್ಚಿಕೊಂಡು ಒಪ್ಪಿದ. "ಧಾರೆ ಮುಗಿಯೋಗಂಟ ನೀನು ಒಳಗೇ ಇರ್ಬೇಕು. ಮುಂಡೆ ಮಕ ಯಾರಿಗೂ ಕಾಣ್ಬಾರ್ದು."

"ಮುಗಿಯೋಗಂಟ" ಎಂದಳು ಸೊಣ್ಣಮ್ಮ.

ಧಾರೆ ಬಿದ್ದದ್ದು ಸೋಮವಾರ. ಬೆಳಕು ಹರಿಯುವ ಮುನ್ನ ಅವಳು ಸಂದಿಯ ಸಗಣಿ ಕೆರೆದು ತೆಗೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಓಲಗದ ಸದ್ದು ಏರಿ ಇಳಿಯಿತು. ಅಕ್ಕಿಕಾಳು ಚೆಲ್ಲಿದ ಗಲಾಟೆ ಅಡಗಿದ ಮೇಲೆ ಬಾಗಿಲು ತೆರೆದಳು. ಬೀಗಿತ್ತಿ ಬಾಳೆಯ ಕೆಳಗೇ ಕೂತಿದ್ದಳು.

"ಗೊನೆ ಶಾನೆ ಚೆಂದಾಗೈತೆ. ನಿಮ್ಮ ತ್ವಾಟದ್ದಾ?" ಎಂದು ಅಶ್ವತ್ಥಪ್ಪನನ್ನು ಕೇಳುತ್ತಿದ್ದಳು.

"ಊಂ, ಮನೇದೇ" ಎಂದ ಅವನು.

"ಇವತ್ತು ಸೋಮವಾರ ಕಣಪ್ಪ ಅಶ್ವತ್ಥಪ್ಪ" ಎಂದಳು ಸೊಣ್ಣಮ್ಮ. "ಬೇರು ನೋಡಾಕಿಲ್ವಾ?"

ಜನ ತಿರುಗಿದರು. ಬೀಗಿತ್ತಿ ಹುಬ್ಬೇರಿಸಿದಳು. ತಮ್ಮ ತೀರ್ಪಿನ ಮೇಲೆ ತಮಗೇ ಅಭಿಮಾನವಿದ್ದ ವೆಂಕಟರಾಮಯ್ಯ ಆ ಕಥೆಯನ್ನೆಲ್ಲ ಉಲ್ಲಾಸದಿಂದ ಬಿಡಿಸಿ ಹೇಳಿ, "ನೋಡ್ಬುಡಪ್ಪ, ಮಾತಂದ್ರೆ ಮಾತು" ಎಂದರು.

"ಬೇರು ಇಳಿದಿದ್ರೆ ಏನ್ ಮಾಡ್ತೀರಾ?" ಎಂದಳು ಬೀಗಿತ್ತಿ.

"ಕಿತ್ತಾಕ್ತಾನೆ ತಾಯಿ" ಎಂದಳು ಸೊಣ್ಣಮ್ಮ. "ವಾದ್ ಸಲ ಗೊನೆ ಬಿಟ್ಟಿದ್ನೇ ಕಿತ್ತಾಕ್ದ. ಬಸುರಿ ಗಿಡಾನ."

ಯಾರೋ ಹೆಂಗಸು "ಶಿವನೇ" ಎಂದಳು. ಅಶ್ವತ್ಥಪ್ಪ ಜರಿ ಪಂಚೆ ಎತ್ತಿಕೊಂಡು, ಬೀಗರೆಲ್ಲ ನೋಡುತ್ತಿರುವಂತೆ ಮಂಡಿಯೂರಿದ. ಪೇಟ ಜಾರಿತು. ಕೈ ಬಲಗಡೆಯ ಸಂದಿಗೆ ಹೋಗಿ ನಿಂತಿತು. ಬೆರಳದಪ್ಪದ ಬೇರು ಅವನ ಬೆರಳಿಗೇ ತಾಗಿತ್ತು. ಎರಡು ವರ್ಷ ಹುಡುಕಿದ್ದು ಕೊನೆಗೂ ಸಿಕ್ಕಿತ್ತು. ಅವನು ತಲೆಯೆತ್ತಿ ಅತ್ತಿಗೆಯ ಮುಖ ನೋಡಿದ. ಅವಳು ಅವನ ಮೇಲಿಂದ ಕಣ್ಣು ಕೀಳಲಿಲ್ಲ.

"ಐತಾ?" ಎಂದರು ವೆಂಕಟರಾಮಯ್ಯ.

ಮಗಳ ಚಪ್ಪರದ ಬಾಳೆ ಕೀಳುವ ತಂದೆಯುಂಟೇ?

"ಇಲ್ಲ."

"ಜೋರಾಗಿ ಅನ್ನಪ್ಪ, ಬೀಗರಿಗೂ ಕೇಳಿಸ್ಲಿ" ಎಂದಳು ಸೊಣ್ಣಮ್ಮ.

"ಬೇರು ಇಳಿದಿಲ್ಲ!"

ಮುಂದಿನ ಸೋಮವಾರ ಅವನು ಬರಲಿಲ್ಲ. ಲಾಲ್ ಸಾಬ್ ಬಂದ, ಉಳಿ, ಸುತ್ತಿಗೆ, ಹಾರೆ ಹಿಡಿದು.

"ಸೊಣ್ಣಮ್ಮಾ, ನೆಲ ಅವರ್ದಲ್ವಾ? ಆಮೇಲೆ ಜಗಳ ಆಗ್ತದೆ."

"ಬೇರೇ ಇಲ್ವಲ್ಲ ಸಾಬಣ್ಣ. ನೂರು ಜನದ ಮುಂದೆ ಅವನೇ ಅಂದವ್ನೆ. ಈಗ ಐತೆ ಅಂದ್ರೆ ಬೀಗರ ಮುಂದೆ ಸುಳ್ಳಾಡ್ದೆ ಅಂತ ಒಪ್ಕೊಂಡಂಗೆ. ಒಡಿ."

ಲಾಲ್ ಸಾಬ್ ಪೀಪಾಯಿಗಳನ್ನು ಸೀಳಿ ಬಿಡಿಸಿದ, ಚಪ್ಪಡಿಗಳನ್ನು ಎಬ್ಬಿಸಿ ತೆಗೆದ. ಸೊಣ್ಣಮ್ಮ ಉಳಿದ ಮಣ್ಣನ್ನು ಕಾಲಿನಿಂದ ಸುತ್ತಲೂ ಹರಡಿ ತುಳಿದಳು.

ಅರವತ್ತೈದರ ಹೊತ್ತಿಗೆ ಕಂದಿನ ಮೇಲೆ ಕಂದು ಎದ್ದು ಬಾಳೆಯ ಮೆಳೆ ಅಂಗಳ ದಾಟಿ ಅಶ್ವತ್ಥಪ್ಪನ ಮೆಟ್ಟಿಲಿಗೆ ಬಂದಿತ್ತು. ಮಳೆ ಬಂದ ದಿನ ಅವನು ಎಲೆಗಳ ನಡುವೆ ಕೊಡೆ ಬಿಚ್ಚಲಾಗದೆ, ಅಡ್ಡಡ್ಡ ನಡೆದು, ನೆನೆದುಕೊಂಡೇ ಹೊರಗೆ ಹೋಗುತ್ತಿದ್ದ. ಸೊಣ್ಣಮ್ಮ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು.