ಅಡುಗೆ ಕಟ್ಟೆಗೂ ಪರವಾನಗಿ ಕೇಳಿದರು

ಸ್ವಂತ ಮನೆಯೊಳಗಿನ ಅಡುಗೆ ಕಟ್ಟೆ ರಿಪೇರಿಗೆ ಪರವಾನಗಿ ಕೇಳುವುದು ಅನ್ಯಾಯ, ಗೆಳೆಯರೇ. ಇಂದು ನಮ್ಮ ಓಣಿಯಲ್ಲಿ ಆದದ್ದು ಅದೇ.

ಎದುರುಮನೆಯ ಪದ್ಮವ್ವಜ್ಜಿ ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ, ನೆಲದೊಳಗೆ ಬೆಳೆದ ಗಡ್ಡೆ ತಿನ್ನುವವರೂ ಅಲ್ಲ. ಮಂಗಸೂಳಿಯಿಂದ ಬಂದ ಗೌಂಡಿ ಮಧ್ಯಾಹ್ನ ಹಳೆಯ ಕಟ್ಟೆ ಒಡೆದು ಹೊಸ ಕಲ್ಲು ಕೂಡಿಸುತ್ತಿದ್ದ. ಆಗ ಪುರಸಭೆಯ ಸಾಹೇಬರೊಬ್ಬರು ಬಂದು, "ಕೆಲಸ ನಿಲ್ಲಸ್ರಿ! ಪರವಾನಗಿ ಎಲ್ಲೈತಿ?" ಎಂದರು.

ನಾನು ಓಡಿಹೋದೆ. "ಸಾಹೇಬ್ರ, ಇದು ಬರೇ ರಿಪೇರಿ. ಗೋಡಿ ಏರಿಸಿಲ್ಲ, ಮನಿ ಬೆಳೆಸಿಲ್ಲ. ಯಾವ ನಿಯಮದಾಗ ಐತಿ ತೋರಸ್ರಿ."

"ನೀ ಏನ್ ವಕೀಲ ಏನಪಾ?"

"ಅಲ್ರಿ, ಓದಾಕ ಬರತೈತಿ."

ಸಾಹೇಬರು ಗೋಡೆಯತ್ತ ಬೆರಳು ತೋರಿಸಿದರು. ಹೊಗೆ ಹೋಗಲೆಂದು ಗೌಂಡಿ ಹಿಂದಿನ ಮನೆಯವರ ಅಂಗಳದತ್ತ ಗೋಡೆ ಒಡೆದು ಹೊಸ ಕಿಟಕಿಯನ್ನೂ ತೆರೆದಿದ್ದ. ಅದಕ್ಕೆ ಪರವಾನಗಿ ಬೇಕು. ಅದನ್ನು ನಾನೂ ಒಪ್ಪಿಕೊಂಡೆ.

ಅಜ್ಜಿ ಮಾತ್ರ ಬಿಡಲಿಲ್ಲ. "ಕಿಡಕಿ ಮುಚ್ಚಲೇ ಗೌಂಡಿ. ತಮ್ಮಾ ಸಾಹೇಬ, ಕಟ್ಟಿ ಕೆಲಸ ತಡದ್ರ ನಿಮ್ಮ ಮನಿಗೇ ಉಣ್ಣಾಕ ಬರ್ತೀನಿ. ಹೊತ್ತ ಮುಳುಗೂದ್ರಾಗ ಎಸರಿಡಾಕ ಹೆಂಡ್ತಿಗೆ ಹೇಳು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಹಾಕಬ್ಯಾಡಂತನೂ ಹೇಳು!"

ಸಾಹೇಬರು ಕಿಟಕಿ ಮುಚ್ಚುವುದನ್ನು ನೋಡಿ, ಕಟ್ಟೆಯ ಮಾತೆತ್ತದೆ ಗಾಡಿ ಹತ್ತಿದರು. ಅಜ್ಜಿ ಬೆಳಕಿರುವಾಗಲೇ ಉಂಡರು.

ಆದರೆ ಎಲ್ಲರ ಮನೆಯಲ್ಲೂ ಇಂಥ ಅಜ್ಜಿ ಇರುವುದಿಲ್ಲ. ಯಾವುದಕ್ಕೆ ಪರವಾನಗಿ ಬೇಕು, ಯಾವುದಕ್ಕೆ ಬೇಡ ಎಂದು ಪುರಸಭೆಯವರು ತಮ್ಮ ಕಚೇರಿ ಬಾಗಿಲಲ್ಲೇ ಫಲಕ ಹಾಕಲಿ. ಇದನ್ನು ಕೇಳುವವರು ನನ್ನ ಜೋಡಿ ಬರ್ರಿ: ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಬಾಗಿಲಲ್ಲಿ.