ಚಹಾ ಇಟ್ಟ ರಟ್ಟಿನ ಡಬ್ಬಿ

ಕಿರ್... ಕಿರ್... ಕಂಬದ ತುದಿಯಲ್ಲಿ ಮೂರು ಪ್ಲಾಸ್ಟಿಕ್ ಬಟ್ಟಲುಗಳು ಗಾಳಿಗೆ ತಿರುಗುತ್ತಿದ್ದ ಸದ್ದು. ಇವತ್ತು ಬೆಳಿಗ್ಗೆ ಕರೆಂಟ್ ಹೋಯಿತು. ಇನ್ವರ್ಟರ್ ಮೇಲೆ ನನ್ನ ಹಳೇ ಫ್ಯಾನು ತಿರುಗಲು ಶುರು ಮಾಡಿದಾಗ ಥೇಟ್ ಅದೇ ಸದ್ದು. ಎಣ್ಣೆ ಬಿಡಿಸಬೇಕು, ನಿಜ. ಆದರೆ ಕಣ್ಣು ಮುಚ್ಚಿ ಕೇಳುತ್ತ ಕೂತುಬಿಟ್ಟೆ. ದೇವದುರ್ಗದ ಜಾಲಹಳ್ಳಿಯ ಆಚೆಗಿನ ಹೊಲ, ಗಾಳಿ ಅಳೆಯುವ ಆ ಕಂಬ, ಕಂಬದ ಪಕ್ಕದ ಮನೆಯ ಹೊಲಿಗೆಯವ್ವ...

ನಾನಾಗ ರಾಯಚೂರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆಗಿದ್ದೆ. ಮನೆಯಲ್ಲಿ ಗಡಿಯಾರ ಬಿಟ್ಟರೆ ಮಾತಾಡುವವರಿರಲಿಲ್ಲ. ಲೈನ್ ಮುಟ್ಟದ ಕಡೆ ಸೂರ್ಯ, ಗಾಳಿ ಎರಡನ್ನೂ ಸೇರಿಸಿ ಕರೆಂಟ್ ಮಾಡಲು ಎಷ್ಟು ಅನುಕೂಲ ಇದೆ ಎಂದು ದೇವದುರ್ಗ ತಾಲ್ಲೂಕಿನಲ್ಲಿ ಒಂದು ಸರ್ವೇ ನಡೆದಿತ್ತು. ಫಾರ್ಮೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೇಳಿ ಬರೆದುಕೊಳ್ಳುವವರು ಬೇಕಿತ್ತು. ಇಂಜಿನಿಯರ್ ಹುಡುಗಿ ನನ್ನ ಹಳೆಯ ಸ್ಟೂಡೆಂಟ್. “ಮ್ಯಾಡಂ, ಪ್ಲೀಸ್,” ಅಂದಳು. ಹೊರಟೆ.

ಹೊಲದ ನಡುವೆ ಹದಿನಾಲ್ಕು ಮನೆ. ಕರೆಂಟಿನ ಕಂಬ ನೆಟ್ಟು ಹೋಗಿದ್ದರು, ತಂತಿ ಬಂದಿರಲಿಲ್ಲ. ಬಿಸಿಲಂತೂ ಕೇಳುವುದೇ ಬೇಡ, ಮಧ್ಯಾಹ್ನದ ಮೇಲೆ ಗಾಳಿಯೂ ಚೆನ್ನಾಗಿ ಬೀಸುತ್ತಿತ್ತು. ಹುಡುಗಿ ತಾನು ನೆಡಿಸಿದ್ದ ಗಾಳಿಕಂಬದ ಮೀಟರ್ ನೋಡಿ ಖುಷಿಯಾಗಿದ್ದಳು. ಎಕ್ಸಲೆಂಟ್ ಸೈಟ್ ಮ್ಯಾಡಂ, ಇನ್ನು ಇವರಿಗೆ ಎಷ್ಟು ಬೇಕು ಅನ್ನೋದು ನೀವು ತಿಳಿದು ಬರೆದರೆ ಸಾಕು, ಅದರ ಮೇಲೇ ಬ್ಯಾಟರಿಯ ಸೈಜು ನಿಂತಿದೆ ಎಂದು ಹೇಳಿದಳು.

ಮೊದಲ ಮನೆಯೇ ಹೊಲಿಗೆಯವ್ವನದು. ಒಂಟಿ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು. ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. ಟೀಪಾಯಿ ಇಲ್ಲವಲ್ಲ, ಮೂಲೆಯಲ್ಲಿದ್ದ ರಟ್ಟಿನ ಡಬ್ಬಿಯೊಂದನ್ನು ನನ್ನ ಮುಂದೆ ಸರಿಸಿ ಅದರ ಮೇಲೆ ಚಹಾ ಇಟ್ಟಳು. ಡಬ್ಬಿಯ ಹಿಂದೆ, ಹಳೇ ಸೀರೆ ಹೊದ್ದು ಕೂತ ಹೊಲಿಗೆ ಮಷಿನ್. ಕೇಳಿದ್ದಕ್ಕೆ, ಮೊಣಕಾಲು ಹೋದ ಮೇಲೆ ತುಳಿಯಲು ಆಗುವುದಿಲ್ಲ, ಸುಮ್ಮನೆ ಕೂತಿದೆ ಅಂದಳು. ಬಿದ್ದು ಹೋದ ಗುಂಡಿ ಕೈಯಲ್ಲೇ ಹಚ್ಚಿಕೊಡುತ್ತಾಳಂತೆ, ಅಷ್ಟೇ ಈಗಿನ ಕೆಲಸ.

ಏನೇನು ಬೇಕು ಅಂದೆ.

“ಒಂದ್ ಬಲ್ಬ್ ಆದ್ರ ಸಾಕ್ರಿ ಯವ್ವಾ. ಒಬ್ಬಾಕಿಗಿ ಎಷ್ಟ್ ಬೆಳಕು ಬೇಕು?”

ಒಂದು ಅಂತ ಬರೆದೆ. ಮನೆಗೆ ಬಂದವರ ಮುಂದೆ ಬೇಕು ಬೇಕು ಅನ್ನುವುದು ಆ ಕಡೆಯವರ ಜಾಯಮಾನವಲ್ಲ. ಮುಂದಿನ ಕಾಲಂ ‘ಆಸ್ಪಿರೇಷನಲ್ ಲೋಡ್’. ಮುಂದೆ ಏನು ಮಾಡುವ ಆಸೆ ಇದೆ, ಅದಕ್ಕೆ ಎಷ್ಟು ಕರೆಂಟ್ ಬೇಕು ಅನ್ನುವ ಪ್ರಶ್ನೆ. ಇನ್ನೊಬ್ಬರ ಆಸೆ ಕೆದಕಿ ಕೇಳಬಾರದು, ಇಟ್ ಈಸ್ ನಾಟ್ ನೈಸ್ ಎಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಅದೂ ಬಡವರ ಮನೆಯಲ್ಲಿ ಕೂತು... ಆ ಕಾಲಮ್ಮಿಗೆ ಅಂದವಾಗಿ ಒಂದು ಗೀಟು ಎಳೆದೆ. ಆಕೆಯ ಮರ್ಯಾದೆ, ನನ್ನ ಮರ್ಯಾದೆ ಎದುರಾಬದುರು ಕೂತು ಚಹಾ ಕುಡಿದವು. ಹದಿನಾಲ್ಕೂ ಮನೆಗೆ ಅದೇ ಗೀಟು.

ಮರುವರ್ಷ ಎಲ್ಲ ಸರಿ ಇದೆಯೇ ನೋಡಲು ಹೋದೆವು. ಪ್ಯಾನೆಲ್ಲು ಮಿಂಚುತ್ತಿದ್ದವು, ಗಾಳಿಯ ಫ್ಯಾನು ತಿರುಗುತ್ತಿತ್ತು. ಮನೆಮನೆಗೆ ಬಲ್ಬು, ಮೊಬೈಲ್ ಚಾರ್ಜು. ಹೊಲಿಗೆಯವ್ವನ ಮನೆಯಲ್ಲಿ ಆ ರಟ್ಟಿನ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಮಾನ್ವಿಯಲ್ಲಿರುವ ಆಕೆಯ ತಂಗಿ ಯಾವತ್ತೋ ಕೊಡಿಸಿದ್ದ ಹೊಲಿಗೆ ಮಷಿನ್ನಿನ ಮೋಟಾರು ಅದರೊಳಗಿತ್ತಂತೆ. ಕರೆಂಟ್ ಬರಲಿ ಎಂದು ವರ್ಷಗಟ್ಟಲೆ ಕಾದಿಟ್ಟದ್ದು. ಅದರ ಮೇಲೆ ಚಹಾ ಇಟ್ಟುಕೊಂಡೇ ನಾನು ಗೀಟು ಎಳೆದಿದ್ದೆ.

ಕರೆಂಟ್ ಬಂದ ಮರುದಿನವೇ ಮೋಟಾರು ಹಚ್ಚಿದ್ದಳಂತೆ. ಹದಿನಾಲ್ಕೂ ಮನೆಗೆ ಒಂದೇ ಬ್ಯಾಟರಿ ಪೆಟ್ಟಿಗೆ, ಅದೂ ನಾನು ಬರೆದ ಬಲ್ಬುಗಳ ಲೆಕ್ಕಕ್ಕಷ್ಟೇ; ಆಕೆ ಮಷಿನ್ ಓಡಿಸಿದಾಗಲೆಲ್ಲ ಅದು ಕೂಗಿ, ಎಲ್ಲರ ಮನೆಯ ಕರೆಂಟೂ ಬಂದ್. ಪಕ್ಕದ ಮನೆಯವಳು ನಮ್ಮ ಮುಂದೆಯೇ ನಗುತ್ತ ಚುಚ್ಚಿದಳು: “ಕೇಳ್ರಿ ಈಕಿನ್ನ. ಒಂದ್ ಜಂಪರಿಗಿ ಹದಿನಾಲ್ಕು ಮನಿ ಮೊಬೈಲ್ ಸಾಯಬೇಕೇನು?” ಮೂರನೇ ದಿನ ತಾನೇ ಮೋಟಾರು ಬಿಚ್ಚಿಟ್ಟಳಂತೆ.

ಹೇಳಬಹುದಿತ್ತಲ್ಲ ಎಂದೆ ನಾನು. ಎಷ್ಟು ಸುಲಭವಾಗಿ ಅಂದುಬಿಟ್ಟೆ...

“ಡಬ್ಬ್ಯಾಗೇನದ ಅಂತ ಕೇಳಿದ್ರ ಹೇಳ್ತಿದ್ನೇನೋ ಯವ್ವಾ. ನೀವು ಕೇಳಲಿಲ್ಲ.” ಸಿಟ್ಟಿರಲಿಲ್ಲ. ಅಷ್ಟು ಹೇಳಿ ಚಹಾಕ್ಕೆ ಇಡಲು ಒಳಗೆ ಹೋದಳು.

ಪೆಟ್ಟಿಗೆ ದೊಡ್ಡದು ಮಾಡಿಸಲು ಪತ್ರಗಳನ್ನು ಬರೆದೆ, ಒಳ್ಳೆಯ ಇಂಗ್ಲಿಷಿನಲ್ಲಿ. ಅಸೆಸ್‌ಮೆಂಟ್ ಮುಗಿದಿದೆ ಎಂದು ಉತ್ತರ ಬಂತು.

ಆಮೇಲೆ ಒಂದು ಸಲ ಆಕೆಯೇ ನನ್ನ ಮನೆ ಹುಡುಕಿಕೊಂಡು ಬಂದಳು. ಮೊಣಕಾಲು ತೋರಿಸಲು ರಾಯಚೂರು ದವಾಖಾನೆಗೆ ಬಂದಿದ್ದಳು. ಅಲ್ಲಿಂದ ಸೀದಾ ಮಾನ್ವಿಗೆ, ತಂಗಿಯ ಮನೆಗೆ, ಇನ್ನು ಅಲ್ಲೇ ಇರುವುದಂತೆ. ಮಷಿನ್ನನ್ನೂ ಡಬ್ಬಿಯನ್ನೂ ಜಾಲಹಳ್ಳಿಯ ಒಬ್ಬ ಹುಡುಗಿಗೆ ಕೊಟ್ಟು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತು ಇನ್ವರ್ಟರಿನ ಹಸಿರು ದೀಪ, ಎರಡು ಫ್ಯಾನು, ನಾಲ್ಕು ಖಾಲಿ ಕುರ್ಚಿ, ಟೇಬಲ್ಲಿನ ಮೇಲಿನ ನನ್ನ ಒಂದೇ ತಟ್ಟೆ ಎಲ್ಲ ನೋಡಿದಳು. ಏಳುವಾಗ ಕೇಳಿದಳು.

“ನಿಮಗೇನರ ಬೇಕೇನ್ರಿ ಯವ್ವಾ?”

ಎರಡು ದಿನ ಇದ್ದು ಹೋಗು ಅನ್ನಬೇಕಿತ್ತು. ಸಂಜೆಯ ಚಹಾಕ್ಕಾದರೂ ಕೂತಿರು ಅನ್ನಬಹುದಿತ್ತು.

“ಏನಿಲ್ಲವ್ವಾ, ಎಲ್ಲಾ ಅದ,” ಅಂದೆ.

ಒಂದು ಬಲ್ಬ್ ಸಾಕು ಅಂದಿದ್ದ ಆಕೆಗೆ ಆ ಉತ್ತರ ಗೊತ್ತಿದ್ದದ್ದೇ. ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು, ಬಸ್‌ಸ್ಟ್ಯಾಂಡಿನ ಆಟೋ ಹತ್ತಿದಳು. ಆಕೆ ಕೇಳಿದ್ದಳು. ನಾನು ಹೇಳಲಿಲ್ಲ.